ಸಕ್ಕರೆ ಕಾಯಿಲೆ ಇಟ್ಟುಕೊಂಡು ಲಾಂಗ್ ರೈಡ್: ಇನ್ಸುಲಿನ್ ಎಷ್ಟು ಇಳಿಸಬೇಕು, ಏನು ತಿನ್ನಬೇಕು, ಯಾವಾಗ ನಿಲ್ಲಬೇಕು

ಸಕ್ಕರೆ ಕಾಯಿಲೆ ಇದ್ದವರು ಐದಾರು ಗಂಟೆ ಸೈಕಲ್ ತುಳಿಯಬಾರದು ಅಂತ ಹೇಳುವವರು ಈಗಲೂ ಸಿಗುತ್ತಾರೆ. ಅದನ್ನು ನಂಬಬೇಡಿ. ಟೀಮ್ ನೋವೋ ನಾರ್ಡಿಸ್ಕ್ ಅನ್ನುವ ವೃತ್ತಿಪರ ತಂಡದಲ್ಲಿ ಎಲ್ಲ ಸವಾರರಿಗೂ ಟೈಪ್ 1 ಡಯಾಬಿಟೀಸ್ (ದೇಹ ತಾನೇ ಇನ್ಸುಲಿನ್ ತಯಾರಿಸದ ಥರದ್ದು) ಇದೆ. ಆ ತಂಡ ಸುಮಾರು 300 ಕಿಲೋಮೀಟರ್ ಉದ್ದದ ಮಿಲಾನ್–ಸಾನ್ ರೆಮೊ ರೇಸ್‌ನಲ್ಲೂ ಭಾಗವಹಿಸಿದೆ. ಆದರೆ ಬೇರೆಯವರ ಹಾಗೆ ಬಾಟಲ್ ತುಂಬಿಸಿಕೊಂಡು ಸುಮ್ನೆ ಹೊರಟುಬಿಡೋದು ನಮಗೆ ಆಗುವುದಿಲ್ಲ. ಸ್ವಲ್ಪ ಲೆಕ್ಕ ಹಾಕಬೇಕು, ಆ ಲೆಕ್ಕ ಹಿಂದಿನ ರಾತ್ರಿಯೇ ಶುರುವಾಗಬೇಕು.

ನಾನು ಮುಖ್ಯವಾಗಿ ಹೇಳಬೇಕಾಗಿರುವುದು ಒಂದೇ. ಮೊದಲು ಇನ್ಸುಲಿನ್ ಇಳಿಸಿ, ಆಮೇಲೆ ಕಾಲಿಗೆ ಬೇಕಾದಷ್ಟು ತಿನ್ನಿ. ತುಂಬಾ ಜನ ಇದನ್ನು ಉಲ್ಟಾ ಮಾಡುತ್ತಾರೆ. ಬೆಳಗ್ಗೆ ದಿನಾ ತೆಗೆದುಕೊಳ್ಳುವಷ್ಟೇ ಇನ್ಸುಲಿನ್ ತೆಗೆದುಕೊಂಡು ಹೊರಡುತ್ತಾರೆ, ಒಂದು ಗಂಟೆಗೆ ಶುಗರ್ ಕುಸಿಯುತ್ತದೆ, ಅದನ್ನು ಎತ್ತಲು ಜೆಲ್ (ಪುಟ್ಟ ಪ್ಯಾಕೆಟ್‌ನಲ್ಲಿ ಬರುವ ಸಕ್ಕರೆ ಪಾಕದಂಥದ್ದು) ಮೇಲೆ ಜೆಲ್, ಜ್ಯೂಸ್ ಮೇಲೆ ಜ್ಯೂಸ್, ಹೊಟ್ಟೆ ತೊಳಸುತ್ತದೆ, ಮಧ್ಯಾಹ್ನದ ಹೊತ್ತಿಗೆ ಅದೆಲ್ಲ ಒಟ್ಟಿಗೆ ರಕ್ತಕ್ಕೆ ಸೇರಿ 300 ದಾಟಿರುತ್ತದೆ. ಇಡೀ ದಿನ ತಿಂದದ್ದೆಲ್ಲ ಇನ್ಸುಲಿನ್ನಿಗೆ ಹೋಯಿತು, ಕಾಲಿಗೆ ಏನೂ ಉಳಿಯಲಿಲ್ಲ.

ಇಲ್ಲಿ ಕೊಟ್ಟಿರುವ ಶುಗರ್ ಸಂಖ್ಯೆಗಳೆಲ್ಲ ಮಿಲಿಗ್ರಾಂ ಪರ್ ಡೆಸಿಲೀಟರ್ ಲೆಕ್ಕದಲ್ಲಿವೆ. ನಿಮ್ಮ ಮೀಟರ್ ಮಿಲಿಮೋಲ್‌ನಲ್ಲಿ ತೋರಿಸುತ್ತಿದ್ದರೆ ಇಲ್ಲಿನ ಸಂಖ್ಯೆಗಳನ್ನು 18ರಿಂದ ಭಾಗಿಸಿಕೊಳ್ಳಿ. ಇವೆಲ್ಲ ಶುರು ಮಾಡಲು ಒಂದು ಅಳತೆ ಅಷ್ಟೇ. ನಿಮ್ಮ ಡೋಸ್ ಬದಲಾಯಿಸುವ ಮೊದಲು ನಿಮ್ಮ ಡಾಕ್ಟರ್ ಹತ್ತಿರ ಮಾತಾಡಲೇಬೇಕು, ಮತ್ತು ಆ ಮಾತುಕತೆಯಲ್ಲಿ ಏನು ಕೇಳಬೇಕು ಅನ್ನುವುದೇ ಮೊದಲ ಹಂತ.

ಹಂತ 1: ಡಾಕ್ಟರ್ ಹತ್ತಿರ ಏನು ಕೇಳಬೇಕು

"ಸೈಕಲ್ ತುಳಿಯಬಹುದಾ ಸಾರ್?" ಅಂತ ಕೇಳಿದರೆ "ಓ, ತುಳಿಯಿರಿ, ಒಳ್ಳೇದು" ಅನ್ನುತ್ತಾರೆ. ಅವರು ವಾಕಿಂಗ್ ಥರದ್ದು ಅಂದುಕೊಂಡಿರುತ್ತಾರೆ. "ಆರು ಗಂಟೆ, ಎಂಟು ಗಂಟೆ, ಏರು ರಸ್ತೆಯಲ್ಲಿ ತುಳಿಯುತ್ತೇನೆ" ಅಂತ ಬಿಡಿಸಿ ಹೇಳಿ. ಕಣ್ಣು, ಪಾದ, ಹೃದಯ ಮೂರನ್ನೂ ನೋಡಿಸಿ. ಕಣ್ಣಿನ ರೆಟಿನಾದಲ್ಲಿ ಹೊಸ ರಕ್ತನಾಳಗಳು ಬೆಳೆದಿದ್ದರೆ ಉಸಿರು ಕಟ್ಟಿ ತಳ್ಳುವ ಥರದ ಶ್ರಮ ಅಪಾಯ, ಕಣ್ಣಿನೊಳಗೆ ರಕ್ತಸ್ರಾವ ಆಗಬಹುದು. ಪಾದದಲ್ಲಿ ಸ್ಪರ್ಶ ಕಮ್ಮಿ ಇದ್ದರೆ ಬಿಗಿ ಶೂನಿಂದ ಆದ ಗಾಯ ಗೊತ್ತೇ ಆಗುವುದಿಲ್ಲ. ಪ್ರತಿ ರೈಡ್ ಆದ ಮೇಲೆ ಸಾಕ್ಸ್ ತೆಗೆದು ಬೆರಳಿನ ಸಂದಿಯವರೆಗೂ ನೋಡಿಕೊಳ್ಳಿ.

ಆಮೇಲೆ ಮಾತ್ರೆಗಳ ವಿಷಯ. ಟೈಪ್ 2 ಇರುವವರು ಇದನ್ನು ನಿಧಾನವಾಗಿ ಓದಿ, ಯಾಕೆಂದರೆ ನಿಮ್ಮ ಅಪಾಯ ಎಷ್ಟು ಅನ್ನುವುದು ನೀವು ಯಾವ ಮಾತ್ರೆ ನುಂಗುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಬರೀ ಮೆಟ್‌ಫಾರ್ಮಿನ್ ಆದರೆ ಶುಗರ್ ಲೋ ಆಗುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್ ಥರದ್ದು ಆದರೆ ಲೋ ಆಗುವುದು ನಿಜವಾದ ಸಾಧ್ಯತೆ, ಅವು ದೇಹದಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತವೆ. ಲಾಂಗ್ ರೈಡ್ ದಿನ ಡೋಸ್ ಕಮ್ಮಿ ಮಾಡಬೇಕಾ ಅಂತ ಕೇಳಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ, ಜೊತೆಗೆ ನೀರೂ ಹೋಗುತ್ತದೆ. ಇವುಗಳಿಂದ ಶುಗರ್ ನಾರ್ಮಲ್ ಇದ್ದಾಗಲೇ ಕೀಟೋನ್ (ಇನ್ಸುಲಿನ್ ಸಾಲದಾಗ ದೇಹ ಕೊಬ್ಬು ಕರಗಿಸಿ ಹೊರಡಿಸುವ ಆಮ್ಲ) ಏರಿ ಕೀಟೋಆಸಿಡೋಸಿಸ್, ಅಂದರೆ ರಕ್ತ ಆಮ್ಲೀಯವಾಗುವ ಅಪಾಯದ ಸ್ಥಿತಿ, ಆಗಬಹುದು, ಹಾಗಾಗಿ ದಿನವಿಡೀ ತುಳಿಯುವ ಮುನ್ನ ನಿಲ್ಲಿಸಬೇಕಾ, ಎಷ್ಟು ದಿನ ಮೊದಲು ಅನ್ನುವುದನ್ನು ಸ್ಪಷ್ಟವಾಗಿ ಕೇಳಿ.

ಎರಡು ಸಣ್ಣ ವಿಷಯ, ಆದರೆ ಗೊತ್ತಿಲ್ಲದಿದ್ದರೆ ದೊಡ್ಡದು. ಅಕಾರ್ಬೋಸ್ ಅಥವಾ ವೋಗ್ಲಿಬೋಸ್ ತೆಗೆದುಕೊಳ್ಳುವವರಿಗೆ ಲೋ ಆದಾಗ ಮಾಮೂಲಿ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಅದನ್ನು ಒಡೆಯುವ ಕಿಣ್ವವನ್ನೇ ಆ ಮಾತ್ರೆ ತಡೆದಿರುತ್ತದೆ. ಶುದ್ಧ ಗ್ಲೂಕೋಸೇ ಬೇಕು. ಬಿಪಿಗೆ ಬೀಟಾ ಬ್ಲಾಕರ್ ನುಂಗುವವರಿಗೆ ಲೋ ಆದಾಗ ಎದೆ ಡವಡವ ಅನ್ನುವುದು, ಕೈ ನಡುಗುವುದು ಗೊತ್ತಾಗದೇ ಇರಬಹುದು. ಬೆವರು ಮಾತ್ರ ಬರುತ್ತದೆ, ಆದರೆ ಸೈಕಲ್ ಮೇಲೆ ಹೇಗೂ ಬೆವರುತ್ತಿರುತ್ತೀರಲ್ಲ.

ರೇಸ್‌ಗೆ ಹೆಸರು ಕೊಡುವವರು ಗಮನಿಸಿ: ಇನ್ಸುಲಿನ್ ಉದ್ದೀಪನ ಮದ್ದುಗಳ ನಿಷೇಧಿತ ಪಟ್ಟಿಯಲ್ಲಿದೆ. ಡೋಪಿಂಗ್ ಪರೀಕ್ಷೆ ಇರುವ ಸ್ಪರ್ಧೆ ಆದರೆ ಚಿಕಿತ್ಸೆಗಾಗಿ ಬಳಸುವ ವಿನಾಯಿತಿಯನ್ನು ಮೊದಲೇ ತೆಗೆದುಕೊಳ್ಳಬೇಕು.

ಹಂತ 2: ಒಳಗೆ ಏನಾಗುತ್ತದೆ ಅಂತ ತಿಳಿದುಕೊಳ್ಳಿ

ಸಕ್ಕರೆ ಸ್ನಾಯುವಿನ ಒಳಗೆ ಹೋಗಲು ಸಾಮಾನ್ಯವಾಗಿ ಇನ್ಸುಲಿನ್ ಬಾಗಿಲು ತೆಗೆಯಬೇಕು. ಆದರೆ ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ ಕಾಯದೆ ತಾನೇ ಬಾಗಿಲು ತೆಗೆದುಕೊಳ್ಳುತ್ತದೆ. ಕಾಯಿಲೆ ಇಲ್ಲದವರಲ್ಲಿ ತುಳಿಯಲು ಶುರು ಮಾಡಿದ ಕೂಡಲೇ ದೇಹ ಇನ್ಸುಲಿನ್ ಇಳಿಸುತ್ತದೆ, ಲಿವರ್ ಸಕ್ಕರೆ ಬಿಡುತ್ತದೆ, ಲೆಕ್ಕ ಸರಿ ಹೋಗುತ್ತದೆ. ನಾವು ಚುಚ್ಚಿಕೊಂಡ ಇನ್ಸುಲಿನ್ ಹಾಗೆ ಇಳಿಯುವುದಿಲ್ಲ. ಅದು ಚರ್ಮದ ಕೆಳಗೆ ಕೂತಿದೆ, ಅದರ ಪಾಡಿಗೆ ಬರುತ್ತಲೇ ಇರುತ್ತದೆ. ರಕ್ತ ಓಡಾಟ ಜೋರಾದರೆ ಇನ್ನೂ ಬೇಗ ಬರುತ್ತದೆ. ಮೇಲಾಗಿ ಇನ್ಸುಲಿನ್ ಜಾಸ್ತಿ ಇದ್ದಾಗ ಲಿವರ್ ಸಕ್ಕರೆ ಬಿಡುವುದನ್ನೂ ಅದು ತಡೆಯುತ್ತದೆ. ಎರಡೂ ಕಡೆಯಿಂದ ಏಟು.

ಹಾಗಂತ ಯಾವಾಗಲೂ ಇಳಿಯುತ್ತದೆ ಅಂತಲೂ ಇಲ್ಲ. ಮಾತಾಡಿಕೊಂಡು ತುಳಿಯುವ ವೇಗದಲ್ಲಿ ಇಳಿಯುತ್ತದೆ. ಕಡಿದಾದ ಏರು, ಸ್ಪ್ರಿಂಟ್, ರೇಸ್ ಶುರುವಿನ ಉದ್ವೇಗ, ಇವುಗಳಲ್ಲಿ ಅಡ್ರಿನಲಿನ್ ಸುರಿದು ಲಿವರ್ ಸಕ್ಕರೆ ಹೊರಹಾಕುತ್ತದೆ, ಶುಗರ್ ಏರುತ್ತದೆ. ಹೊರಡುವ ಗೆರೆಯಲ್ಲಿ ನಿಂತಾಗ ಏನೂ ತಿನ್ನದಿದ್ದರೂ 220 ತೋರಿಸಿದರೆ ಗಾಬರಿ ಬೇಡ. ಅದಕ್ಕೆ ಇನ್ಸುಲಿನ್ ಹಾಕಿಕೊಂಡರೆ ಒಂದು ಗಂಟೆ ಬಿಟ್ಟು ಅದರ ಬೆಲೆ ತೆರಬೇಕಾಗುತ್ತದೆ.

ಹಂತ 3: ಹಿಂದಿನ ರಾತ್ರಿ ಮತ್ತು ಬೆಳಗಿನ ಇನ್ಸುಲಿನ್

ನನ್ನ ಮಟ್ಟಿಗೆ ಇಡೀ ರೈಡ್‌ನ ಹಣೆಬರಹ ನಿರ್ಧಾರ ಆಗುವುದು ಇಲ್ಲೇ.

ಊಟದ ಇನ್ಸುಲಿನ್, ಅಂದರೆ ಬೋಲಸ್. ರಾಪಿಡ್ ಇನ್ಸುಲಿನ್ 10–15 ನಿಮಿಷಕ್ಕೆ ಶುರುವಾಗಿ, ಒಂದೆರಡು ಗಂಟೆಗೆ ತುದಿ ಮುಟ್ಟಿ, ಮೂರರಿಂದ ಐದು ಗಂಟೆವರೆಗೂ ಉಳಿಯುತ್ತದೆ. ಸಾಧ್ಯವಿದ್ದರೆ ಹೊರಡುವುದಕ್ಕೆ ಮೂರ್ನಾಲ್ಕು ಗಂಟೆ ಮೊದಲೇ ತಿಂದುಬಿಡಿ, ಆಗ ಮಾಮೂಲಿ ಡೋಸ್ ನಡೆಯುತ್ತದೆ, ಹೊರಡುವಾಗ ಬಹುಪಾಲು ಮುಗಿದಿರುತ್ತದೆ. ಆದರೆ ಬೆಳಗಿನ 5 ಗಂಟೆಗೆ ಹೊರಡುವವರು ರಾತ್ರಿ 1 ಗಂಟೆಗೆ ಎದ್ದು ಯಾರು ತಿನ್ನುತ್ತಾರೆ ಹೇಳಿ. ಹಾಗಾಗಿ ಹೆಚ್ಚಿನವರು ಹೊರಡುವ ಎರಡು ಗಂಟೆಯ ಒಳಗೇ ತಿನ್ನುತ್ತಾರೆ. ಆಗ ಬೋಲಸ್ ಇಳಿಸಬೇಕು. ಹಗುರ ವೇಗದಲ್ಲಿ ಅರ್ಧ ಗಂಟೆ ತುಳಿಯುವುದಾದರೆ 25 ಪರ್ಸೆಂಟ್ ಇಳಿಸಿದರೆ ಸಾಕು. ಹಗುರವಾಗಿಯೇ ಒಂದು ಗಂಟೆ ಅಥವಾ ಮಧ್ಯಮ ವೇಗದಲ್ಲಿ ಅರ್ಧ ಗಂಟೆ ಆದರೆ 50. ಮಧ್ಯಮ ವೇಗದಲ್ಲಿ ಒಂದು ಗಂಟೆ ಮತ್ತು ಮೇಲೆ ಆದರೆ 75ರವರೆಗೂ ಇಳಿಸಬೇಕಾಗಬಹುದು. ದಿನಾ ಬೆಳಗ್ಗೆ 60 ಗ್ರಾಂ ಕಾರ್ಬ್‌ಗೆ (ಕಾರ್ಬೋಹೈಡ್ರೇಟ್, ಅಂದರೆ ತಿಂಡಿಯಲ್ಲಿರುವ ಪಿಷ್ಟ, ಸಕ್ಕರೆ) 6 ಯೂನಿಟ್ ಹಾಕುವವರು ಲಾಂಗ್ ರೈಡ್ ದಿನ ಅದೇ ತಿಂಡಿಗೆ 3 ಯೂನಿಟ್‌ನಿಂದ ಶುರು ಮಾಡಿ ನೋಡಬಹುದು, ಆಮೇಲೆ ರೈಡ್‌ನಿಂದ ರೈಡ್‌ಗೆ ಸರಿಪಡಿಸಿಕೊಳ್ಳಬಹುದು.

ತೊಡೆಗೆ ಚುಚ್ಚಿಕೊಳ್ಳಬೇಡಿ. ಮುಂದಿನ ಹತ್ತು ನಿಮಿಷಕ್ಕೆ ಅದೇ ತೊಡೆ ಪೆಡಲ್ ತುಳಿಯುತ್ತದೆ, ಇನ್ಸುಲಿನ್ ಬೇಗ ಎಳೆದುಕೊಳ್ಳುತ್ತದೆ. ಹೊಟ್ಟೆಯೇ ವಾಸಿ.

ಇನ್ನು ಬೇಸಲ್, ಅಂದರೆ ಊಟಕ್ಕಲ್ಲದೆ ದಿನವಿಡೀ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್. ಪಂಪ್ (ಮೈಗೆ ಅಂಟಿಸಿಕೊಂಡು ಇನ್ಸುಲಿನ್ ಒಂದೇ ಸಮನೆ ಬಿಡುವ ಸಾಧನ) ಇದ್ದವರು ಹೊರಡುವುದಕ್ಕೆ 60ರಿಂದ 90 ನಿಮಿಷ ಮೊದಲೇ ಬೇಸಲ್ ದರವನ್ನು 50–80 ಪರ್ಸೆಂಟ್ ಇಳಿಸಬೇಕು. ಹೊರಡುವ ಹೊತ್ತಿಗೆ ಇಳಿಸಿದರೆ ಅದರ ಪರಿಣಾಮ ಕಾಣುವುದು ಒಂದು ಗಂಟೆ ಕಳೆದ ಮೇಲೆ, ಅಷ್ಟರಲ್ಲಿ ಲೋ ಆಗಿರುತ್ತದೆ. ಪಂಪ್ ಪೂರ್ತಿ ಕಳಚಿಟ್ಟು ಗಂಟೆಗಟ್ಟಲೆ ತುಳಿಯಬೇಡಿ. ಒಂದೆರಡು ಗಂಟೆ ದಾಟಿದರೆ ಕೀಟೋನ್ ಅಪಾಯ ಶುರುವಾಗುತ್ತದೆ. ಪೆನ್ ಬಳಸುವವರಿಗೆ ಅಷ್ಟು ಸಲೀಸಿಲ್ಲ. ಗ್ಲಾರ್ಜಿನ್ ಅಥವಾ ಡೆಟೆಮಿರ್ ಆದರೆ ಲಾಂಗ್ ರೈಡ್‌ಗಾಗಿ 20 ಪರ್ಸೆಂಟ್‌ನಷ್ಟು ಇಳಿಸುವುದನ್ನು ಡಾಕ್ಟರ್ ಒಪ್ಪಬಹುದು. ಡೆಗ್ಲುಡೆಕ್ ಆದರೆ ಹಿಂದಿನ ರಾತ್ರಿ ಇಳಿಸಿ ಪ್ರಯೋಜನ ಕಮ್ಮಿ, ಅದು ದೇಹದಲ್ಲಿ ದಿನಗಟ್ಟಲೆ ಉಳಿಯುವಂಥದ್ದು, ಬದಲಾವಣೆ ಕಾಣಲು ಮೂರ್ನಾಲ್ಕು ದಿನ ಬೇಕು. ಅಂಥವರು ಬೋಲಸ್ ಮತ್ತು ಊಟದಲ್ಲೇ ಸರಿದೂಗಿಸಬೇಕು.

ಏನೇ ಆದರೂ ಟೈಪ್ 1 ಇರುವವರು ಇನ್ಸುಲಿನ್ ಪೂರ್ತಿ ಬಿಡಬಾರದು. ಇಳಿಸುವುದೇ ಬೇರೆ, ಬಿಡುವುದೇ ಬೇರೆ.

ಹಂತ 4: ಹೊರಡುವ ಮುನ್ನ ನೋಡುವ ನಂಬರ್

ಹೊರಡುವ ಅರ್ಧ ಗಂಟೆ ಮೊದಲು ಒಮ್ಮೆ, ಹೊರಡುವಾಗ ಒಮ್ಮೆ ನೋಡಿ. ಎರಡು ಸಲ ಯಾಕೆಂದರೆ ಒಂದು ನಂಬರ್ ಎತ್ತ ಹೋಗುತ್ತಿದೆ ಅಂತ ಹೇಳುವುದಿಲ್ಲ. ನೆಟ್ಟಗೆ ನಿಂತ 130 ಒಳ್ಳೆಯದು, ಇಳಿಯುತ್ತಿರುವ 130 ಅಂದರೆ ಇಪ್ಪತ್ತು ನಿಮಿಷದಲ್ಲಿ ತೊಂದರೆ.

126ರಿಂದ 180 ನಡುವೆ ಇದ್ದು ಸ್ಥಿರವಾಗಿದ್ದರೆ ಹೊರಡಿ. 90ರಿಂದ 125 ಇದ್ದರೆ 10 ಗ್ರಾಂ ಗ್ಲೂಕೋಸ್ ತಿಂದು ಹೊರಡಿ. 90ಕ್ಕಿಂತ ಕಮ್ಮಿ ಇದ್ದರೆ 10–20 ಗ್ರಾಂ ತಿಂದು, ಅದು 90 ದಾಟುವವರೆಗೂ ಕಾಯಿರಿ. ಗೆಳೆಯರು ಹೊರಟರೂ ಪರವಾಗಿಲ್ಲ. 180 ದಾಟಿ 270ರ ಒಳಗಿದ್ದರೂ ಹೊರಡಬಹುದು, ತಿನ್ನುವುದನ್ನು ಸ್ವಲ್ಪ ತಡ ಮಾಡಿ. 270 ದಾಟಿದ್ದರೆ ಮೊದಲು ಯಾಕೆ ಅಂತ ಯೋಚಿಸಿ. ಈಗಷ್ಟೇ ತಿಂದಿದ್ದಕ್ಕಾ, ಇಲ್ಲ ಇನ್ಸುಲಿನ್ನೇ ಸಾಲದ್ದಕ್ಕಾ? ಕೀಟೋನ್ ನೋಡಿ. ರಕ್ತದ ಕೀಟೋನ್ 1.5 ಮಿಲಿಮೋಲ್ ಅಥವಾ ಜಾಸ್ತಿ ಇದ್ದರೆ ಅವತ್ತು ಸೈಕಲ್ ಮುಟ್ಟಬೇಡಿ, ಡಾಕ್ಟರ್ ಹೇಳಿಕೊಟ್ಟಂತೆ ಮೊದಲು ಅದನ್ನು ಇಳಿಸಿ. 0.6 ದಾಟಿದ್ದರೂ ಸರಿಪಡಿಸಿಕೊಂಡು, ಇಳಿಯುತ್ತಿದೆ ಅಂತ ಖಾತ್ರಿ ಆದ ಮೇಲೇ ಯೋಚನೆ.

ಕಳೆದ 24 ಗಂಟೆಯಲ್ಲಿ ಬೇರೆಯವರ ಸಹಾಯ ಬೇಕಾಗುವಷ್ಟು ಲೋ ಆಗಿದ್ದರೆ ಅವತ್ತು ರೈಡ್ ರದ್ದು. ಒಂದು ದೊಡ್ಡ ಲೋ ಆದ ಮೇಲೆ ಮುಂದಿನದ್ದನ್ನು ದೇಹ ಸರಿಯಾಗಿ ಎಚ್ಚರಿಸುವುದಿಲ್ಲ, ತಡೆಯುವ ಹಾರ್ಮೋನುಗಳೂ ಮಂಕಾಗಿರುತ್ತವೆ. ಇದರಲ್ಲಿ ಚೌಕಾಸಿ ಬೇಡ.

ಹಂತ 5: ಸ್ಯಾಡಲ್ ಮೇಲೆ ತಿನ್ನುವುದು

ಒಂದು ಗಂಟೆಯ ರೈಡ್‌ಗೆ ಶುಗರ್ ಸರಿ ಇದ್ದರೆ ನೀರು ಸಾಕು, ಬೇಕಾದರೆ 10–15 ಗ್ರಾಂ ಜೇಬಲ್ಲಿರಲಿ. ಅದಕ್ಕಿಂತ ಜಾಸ್ತಿ ಹೊತ್ತು ತುಳಿಯುವಾಗ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಇದು ಸಕ್ಕರೆ ಕಾಯಿಲೆ ಇಲ್ಲದ ಸವಾರರಿಗೂ ಇರುವ ಲೆಕ್ಕವೇ. ಎರಡೂವರೆ ಮೂರು ಗಂಟೆ ದಾಟಿ ಜೋರಾಗಿ ತುಳಿಯುವವರು 90 ಗ್ರಾಂವರೆಗೂ ಹೋಗುತ್ತಾರೆ, ಆದರೆ ಅದಕ್ಕೆ ಗ್ಲೂಕೋಸ್ ಜೊತೆ ಫ್ರಕ್ಟೋಸ್ ಸೇರಿರಬೇಕು. ಬರೀ ಗ್ಲೂಕೋಸ್ ಆದರೆ ಕರುಳು ಗಂಟೆಗೆ ಸುಮಾರು 60 ಗ್ರಾಂಗಿಂತ ಜಾಸ್ತಿ ಹೀರಲಾರದು, ಉಳಿದದ್ದು ಹೊಟ್ಟೆಯಲ್ಲಿ ಕುಲುಕುತ್ತಿರುತ್ತದೆ. ಫ್ರಕ್ಟೋಸ್‌ಗೆ ಬೇರೆ ದಾರಿ ಇದೆ. ಹೊಸಬರು 90ರ ತಂಟೆಗೆ ಹೋಗಬೇಡಿ. 30–40ರಿಂದ ಶುರು ಮಾಡಿ, ಹೊಟ್ಟೆಗೂ ಅಭ್ಯಾಸ ಆಗಬೇಕು.

ತಿನ್ನುವ ಕ್ರಮ ಮುಖ್ಯ. ಗಂಟೆಗೊಮ್ಮೆ 40 ಗ್ರಾಂ ಒಟ್ಟಿಗೆ ತಿಂದರೆ ಶುಗರ್ ಏರಿ ಇಳಿದು ಏರಿ ಇಳಿದು ಗರಗಸದ ಹಲ್ಲು ಆಗುತ್ತದೆ. 15–20 ನಿಮಿಷಕ್ಕೊಮ್ಮೆ 10–15 ಗ್ರಾಂ ತೆಗೆದುಕೊಂಡರೆ ಗೆರೆ ನೆಟ್ಟಗಿರುತ್ತದೆ. ಸೈಕಲ್ ಕಂಪ್ಯೂಟರ್‌ನಲ್ಲಿ 20 ನಿಮಿಷಕ್ಕೆ ಅಲಾರಂ ಇಟ್ಟುಕೊಳ್ಳಿ. ಹಸಿವಾದಾಗ ತಿನ್ನೋಣ ಅಂತ ಕಾಯುವವರಿಗೆ ಹಸಿವು ತಡವಾಗಿಯೇ ಬರುತ್ತದೆ. ಮೊದಲ ತುತ್ತು ಮೊದಲ ಅರ್ಧ ಗಂಟೆಯೊಳಗೇ ಆಗಲಿ, 180ರ ಮೇಲೆ ಹೊರಟವರು ಮಾತ್ರ ಶುಗರ್ ಇಳಿಯಲು ಶುರುವಾಗುವವರೆಗೂ ಕಾಯಿರಿ.

ಜೇಬಿನ ಲೆಕ್ಕಕ್ಕೆ ಒಂದಿಷ್ಟು ಅಂದಾಜು ನೆನಪಿಡಿ. ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ. ಒಂದು ಚಮಚ ಸಕ್ಕರೆಯಲ್ಲಿ 4. ಗ್ಲೂಕೋಸ್ ಗುಳಿಗೆ ಹೆಚ್ಚಾಗಿ ಒಂದಕ್ಕೆ 4. ಜೆಲ್ ಒಂದಕ್ಕೆ 20–25, ಕೆಲವು 40 ಇರುತ್ತವೆ, ಪ್ಯಾಕೆಟ್ ಓದಿ. 750 ಮಿಲಿಲೀಟರ್ ಬಾಟಲ್‌ಗೆ 45 ಗ್ರಾಂ ಕಾರ್ಬ್ ಪುಡಿ ಹಾಕಿದರೆ 6 ಪರ್ಸೆಂಟ್ ಆಗುತ್ತದೆ, ಹೊಟ್ಟೆಗೆ ಹಗುರ. 8 ಪರ್ಸೆಂಟ್ ದಾಟಿದರೆ ಬಿಸಿಲಲ್ಲಿ ಅನೇಕರಿಗೆ ತೊಳಸುತ್ತದೆ.

ಒಂದು ಉದಾಹರಣೆ ನೋಡೋಣ. 200 ಕಿಲೋಮೀಟರ್ ಬ್ರೆವೆ (ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ), ಅದಕ್ಕೆ 13 ಗಂಟೆ 30 ನಿಮಿಷದ ಗಡುವು. ನೀವು 10 ಗಂಟೆಯಲ್ಲಿ ಮುಗಿಸುವವರು ಅಂದುಕೊಳ್ಳಿ, ಗಂಟೆಗೆ 40 ಗ್ರಾಂ ಅಂದರೆ ಒಟ್ಟು 400 ಗ್ರಾಂ. ಇಷ್ಟನ್ನೂ ಜೆಲ್‌ನಲ್ಲಿ ತಿನ್ನಲು ಯಾರಿಂದಲೂ ಆಗುವುದಿಲ್ಲ, ನಾಲ್ಕನೇ ಗಂಟೆಗೆ ಸಿಹಿ ಕಂಡರೆ ವಾಕರಿಕೆ ಬರುತ್ತದೆ. ಮೊದಲ ಅರ್ಧ ದಿನ ಗಟ್ಟಿ ಆಹಾರ ಇರಲಿ, ಬಾಳೆಹಣ್ಣು, ಬ್ರೆಡ್, ಬೇಯಿಸಿ ಉಪ್ಪು ಹಾಕಿದ ಆಲೂಗಡ್ಡೆ, ಹೀಗೆ. ಕೊನೆಯ ಎರಡು ಮೂರು ಗಂಟೆಗೆ ಜೆಲ್ ಮತ್ತು ಬಾಟಲ್. ಎಣ್ಣೆ, ಬೆಣ್ಣೆ, ಚಾಕೊಲೇಟ್ ಜಾಸ್ತಿ ಇರುವುದು ಹೊಟ್ಟೆಯಲ್ಲಿ ನಿಧಾನ ಕರಗುತ್ತದೆ. ತಿನ್ನಬಾರದು ಅಂತಲ್ಲ, ಅದನ್ನು ನಂಬಿಕೊಂಡು ಶುಗರ್ ಎತ್ತಲು ಹೋಗಬಾರದು.

ನಡುವೆ ಇಳಿದು ಕೂತು ಊಟ ಮಾಡುವ ಜಾಗವೇ ಅಪಾಯದ ಜಾಗ. ಕಾಲು ನಿಂತ ಕೂಡಲೇ ಸ್ನಾಯು ಎಳೆಯುವುದು ಕಮ್ಮಿಯಾಗುತ್ತದೆ, ಊಟದ ಸಕ್ಕರೆ ರಕ್ತಕ್ಕೆ ಬರುತ್ತದೆ, ಸೆನ್ಸರ್‌ನ (ಮೈಗೆ ಅಂಟಿಸಿಕೊಂಡು ಶುಗರ್ ನೋಡುತ್ತಲೇ ಇರುವ ಸಾಧನ) ಬಾಣ ಮೇಲಕ್ಕೆ ತಿರುಗುತ್ತದೆ. ಅದನ್ನು ನೋಡಿ ಪೂರ್ತಿ ಬೋಲಸ್ ಹಾಕಿದಿರೋ, ಮತ್ತೆ ಸ್ಯಾಡಲ್ ಏರಿದ ಮುಕ್ಕಾಲು ಗಂಟೆಗೆ ಕಲ್ಲು ಬಿದ್ದ ಹಾಗೆ ಬೀಳುತ್ತದೆ. ದೊಡ್ಡ ಊಟ ಆದರೆ ಇನ್ಸುಲಿನ್ ಬೇಕಾಗಬಹುದು, ಆದರೆ ಮಾಮೂಲಿನ ಕಾಲು ಭಾಗದಷ್ಟರಿಂದ ಶುರು ಮಾಡುವುದು ಕ್ಷೇಮ, ಅದೂ ಡಾಕ್ಟರ್ ಜೊತೆ ಮೊದಲೇ ಮಾತಾಡಿಕೊಂಡು. ನನ್ನ ಸಲಹೆ ಅಂದರೆ ಊಟವನ್ನೇ ಚಿಕ್ಕದು ಮಾಡಿ, 15 ನಿಮಿಷಕ್ಕೆ ಎದ್ದುಬಿಡಿ, ಉಳಿದದ್ದನ್ನು ಜೇಬಿಗೆ ಹಾಕಿಕೊಳ್ಳಿ.

ಬರೀ ಮೆಟ್‌ಫಾರ್ಮಿನ್ ಅಥವಾ ಬರೀ ಪಥ್ಯದಲ್ಲಿರುವ ಟೈಪ್ 2 ಸವಾರರು ಶುಗರ್ ಏರುತ್ತದೆ ಅಂತ ಹೆದರಿ ಲಾಂಗ್ ರೈಡ್‌ನಲ್ಲಿ ಏನೂ ತಿನ್ನದೆ ತುಳಿಯುವುದನ್ನು ನೋಡುತ್ತೇವೆ. ಅದು ಬೇಡ. ಎರಡು ಗಂಟೆ ದಾಟಿದ ಮೇಲೆ ನಿಮ್ಮ ಕಾಲಿಗೂ ಅದೇ ಇಂಧನ ಬೇಕು. ಗಂಟೆಗೆ 30 ಗ್ರಾಂನಿಂದ ಶುರು ಮಾಡಿ, ಮೀಟರ್‌ನಲ್ಲಿ ನೋಡಿ.

ಹಂತ 6: ದಾರಿಯಲ್ಲಿ ಶುಗರ್ ನೋಡುವುದು

ಸೆನ್ಸರ್ ಇದ್ದರೆ ಬಾಣ ನೋಡಿ ತುಳಿಯುವುದು ಸುಲಭ. ಆದರೆ ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದ ಕೆಳಗಿನ ದ್ರವವನ್ನು. ಶುಗರ್ ಬೇಗ ಬದಲಾಗುವಾಗ ಅದು ಹಿಂದೆ ಬೀಳುತ್ತದೆ, ವ್ಯಾಯಾಮದಲ್ಲಿ 10–20 ನಿಮಿಷ ಹಿಂದಿರಬಹುದು. ಸೆನ್ಸರ್ 95 ಅಂದು ಬಾಣ ಕೆಳಗಿದ್ದರೆ ರಕ್ತದಲ್ಲಿ ಆಗಲೇ 75 ಇರಬಹುದು. ಅದಕ್ಕೇ ರೈಡ್ ದಿನ ಲೋ ಅಲಾರಂ ಅನ್ನು 70ರಲ್ಲಿ ಬಿಡಬೇಡಿ, 100ಕ್ಕೆ ಏರಿಸಿ.

ಮೀಟರ್ ಮಾತ್ರ ಇದ್ದವರು ಮೊದಲ ರೈಡ್‌ಗಳಲ್ಲಿ ಅರ್ಧ ಗಂಟೆಗೊಮ್ಮೆ ನೋಡಿ, ನಿಮ್ಮ ದೇಹದ ಚಾಳಿ ಗೊತ್ತಾದ ಮೇಲೆ ಗಂಟೆಗೊಮ್ಮೆ ಸಾಕು. ಇಲ್ಲೊಂದು ಎಚ್ಚರ. ರಸ್ತೆ ಬದಿ ಸೈಕಲ್ ಒರಗಿಸಿ, ಗ್ಲೌಸ್ ಬಿಚ್ಚಿ, ಬೆರಳು ಚುಚ್ಚಿ ನೋಡುತ್ತೀರಿ, 240. ಐದು ನಿಮಿಷ ಮೊದಲು ಅದೇ ಬೆರಳಲ್ಲಿ ಜೆಲ್ ಪ್ಯಾಕೆಟ್ ಹರಿದಿದ್ದಿರಿ, ಬಾಳೆಹಣ್ಣು ಸುಲಿದಿದ್ದಿರಿ. ಚರ್ಮಕ್ಕೆ ಅಂಟಿದ ಆ ಒಂಚೂರು ಸಕ್ಕರೆ ಸಾಕು, ಸ್ಟ್ರಿಪ್‌ನ ಮೇಲಿನ ಪುಟಾಣಿ ಹನಿಯಲ್ಲಿ ಅದು ದೊಡ್ಡ ಸಂಖ್ಯೆ ಆಗುತ್ತದೆ. ನಿಜವಾದ ಶುಗರ್ 80 ಇದ್ದು ನೀವು ತಿನ್ನುವುದನ್ನು ನಿಲ್ಲಿಸಿಬಿಟ್ಟರೆ? ಹಾಗಾಗಿ ಎರಡು ಬಾಟಲ್‌ನಲ್ಲಿ ಒಂದು ಯಾವಾಗಲೂ ಬರೀ ನೀರು ಇರಲಿ. ಬೆರಳು ತೊಳೆದು, ಜೆರ್ಸಿಯ ಒಳಗಿನ ಒಣ ಭಾಗದಲ್ಲಿ ಒರೆಸಿ, ಮೊದಲ ಹನಿ ಒರೆಸಿಹಾಕಿ, ಎರಡನೇ ಹನಿ ಸ್ಟ್ರಿಪ್‌ಗೆ ಕೊಡಿ. ನಂಬರ್ ಮತ್ತು ನಿಮ್ಮ ಮೈ ಬೇರೆ ಬೇರೆ ಹೇಳುತ್ತಿದ್ದರೆ ಇನ್ನೊಂದು ಬೆರಳಲ್ಲಿ ನೋಡಿ.

ತುಂಬಾ ಚಳಿಯಲ್ಲಿ ಮೀಟರ್ ಎರರ್ ತೋರಿಸುತ್ತದೆ. ಅದನ್ನು ಸ್ಯಾಡಲ್ ಬ್ಯಾಗ್‌ನಲ್ಲಿಡದೆ ಮೈಗೆ ತಾಗುವ ಒಳ ಜೇಬಿನಲ್ಲಿಡಿ.

ಹಂತ 7: ಲೋ ಆದರೆ

70ಕ್ಕಿಂತ ಕೆಳಗೆ ಅಂದರೆ ನಿಲ್ಲಿ. ತುಳಿಯುತ್ತಲೇ ತಿನ್ನುವುದು ಬೇಡ, ನಿಂತರೇ ಇಳಿಯುವುದು ಕಮ್ಮಿಯಾಗುತ್ತದೆ. 15–20 ಗ್ರಾಂ ಗ್ಲೂಕೋಸ್ ತಿನ್ನಿ, 15 ನಿಮಿಷ ಬಿಟ್ಟು ಬೆರಳು ಚುಚ್ಚಿ ನೋಡಿ. ಸೆನ್ಸರ್ ಈ ಹೊತ್ತಲ್ಲಿ ಇನ್ನೂ ಹಳೆಯ ಕಥೆ ಹೇಳುತ್ತಿರುತ್ತದೆ, ಅದನ್ನು ನಂಬಿ ಮತ್ತೆ ಮತ್ತೆ ತಿಂದುಬಿಡುತ್ತೇವೆ. 70ರ ಒಳಗೇ ಇದ್ದರೆ ಮತ್ತೆ 15 ಗ್ರಾಂ. 100ರ ಹತ್ತಿರ ಬಂದು ಸ್ಥಿರವಾದ ಮೇಲೆ ನಿಧಾನವಾಗಿ ಹೊರಡಿ. 54ಕ್ಕಿಂತ ಕೆಳಗೆ ಹೋಗಿದ್ದರೆ ಅವತ್ತಿನ ರೈಡ್ ಅಲ್ಲಿಗೇ ಮುಗಿಯಿತು. ಫೋನ್ ಮಾಡಿ, ಯಾರನ್ನಾದರೂ ಕರೆಸಿಕೊಳ್ಳಿ.

ಸೈಕಲ್ ಮೇಲೆ ಲೋ ಗುರುತಿಸುವುದು ಕಷ್ಟ, ಬೆವರು, ಸುಸ್ತು, ಎದೆ ಬಡಿತ ಎಲ್ಲ ಮೊದಲೇ ಇರುತ್ತದಲ್ಲ. ನನಗೆ ಹೆಚ್ಚು ನಂಬಿಕೆ ಇರುವುದು ಬೇರೆ ಲಕ್ಷಣಗಳ ಮೇಲೆ: ತುಟಿ ಜುಮ್ಮೆನ್ನುವುದು, ಸೈಕಲ್ ಗೆರೆ ಬಿಟ್ಟು ಪಕ್ಕಕ್ಕೆ ಸರಿಯುವುದು, ಯಾವ ಗೇರ್ ಹಾಕಬೇಕು ಅಂತ ತಿಳಿಯದೆ ಒದ್ದಾಡುವುದು, ಇನ್ನು ಎಷ್ಟು ಕಿಲೋಮೀಟರ್ ಉಳಿದಿದೆ ಅಂತ ಕಳೆಯಲು ಬಾರದಿರುವುದು, ಪಕ್ಕದವರ ಮೇಲೆ ಕಾರಣವಿಲ್ಲದೆ ಸಿಟ್ಟು. ಇದರಲ್ಲಿ ಒಂದು ಕಂಡರೂ ನಿಂತು ನೋಡಿ. ಇಳಿಜಾರು ಶುರುವಾಗುವ ಮುನ್ನ ಅಂತೂ ನೋಡಲೇಬೇಕು, 50 ಕಿಲೋಮೀಟರ್ ವೇಗದಲ್ಲಿ ಲೋ ಆಗುವುದು ಬೇರೆಯೇ ಮಟ್ಟದ ಅಪಾಯ.

ಗ್ಲೂಕೋಸ್ ಅನ್ನು ಎರಡು ಕಡೆ ಇಡಿ. ಒಂದು ಜೆರ್ಸಿ ಜೇಬಿನಲ್ಲಿ, ಇನ್ನೊಂದು ಸೈಕಲ್‌ನ ಬ್ಯಾಗ್‌ನಲ್ಲಿ. ರೈಡ್‌ನ ತಿಂಡಿ ಬೇರೆ, ಲೋಗೆ ಇಟ್ಟದ್ದು ಬೇರೆ, ಅದಕ್ಕೆ ಹಸಿವಿಗಾಗಿ ಕೈ ಹಾಕಬಾರದು. ಜೊತೆಗಾರರಿಗೆ ಅದು ಎಲ್ಲಿದೆ ಅಂತ ತೋರಿಸಿ, ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕಬಾರದು ಅಂತ ಹೇಳಿಕೊಡಿ, ಗ್ಲುಕಗಾನ್ (ಲೋ ಆದಾಗ ಶುಗರ್ ಏರಿಸುವ ತುರ್ತು ಔಷಧಿ) ಇದ್ದರೆ ಬಳಸುವುದು ಹೇಗೆ ಅಂತ ತೋರಿಸಿ. ಗ್ಲುಕಗಾನ್ ಕೆಲಸ ಮಾಡುವುದು ಲಿವರ್‌ನಲ್ಲಿರುವ ದಾಸ್ತಾನನ್ನು ಬಿಡಿಸಿ. ದಿನವಿಡೀ ತುಳಿದು ಲಿವರ್ ಖಾಲಿಯಾಗಿದ್ದರೆ ಪರಿಣಾಮ ಕಮ್ಮಿಯಾಗಬಹುದು, ಆದ್ದರಿಂದ ಅದನ್ನು ಕೊಟ್ಟ ಮೇಲೂ ಆಂಬುಲೆನ್ಸ್ ಕರೆಯಲೇಬೇಕು. ಕೈಗೆ ಅಥವಾ ಕುತ್ತಿಗೆಗೆ ಕಾಯಿಲೆಯ ಹೆಸರಿರುವ ಬ್ಯಾಂಡ್ ಇರಲಿ.

ಹಂತ 8: ಹೈ ಆದರೆ

200–250 ಇದ್ದು ನೀವು ಚೆನ್ನಾಗಿ ತುಳಿಯುತ್ತಿದ್ದರೆ ಒಂದು ಗಂಟೆ ತಿನ್ನುವುದನ್ನು ಕಮ್ಮಿ ಮಾಡಿ ನೀರು ಕುಡಿಯಿರಿ, ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ತುಳಿಯುವುದೇ ಒಂದು ಡೋಸ್ ಇದ್ದಂತೆ. 270 ದಾಟಿ ಇಳಿಯದಿದ್ದರೆ, ಅಥವಾ ಹೊಟ್ಟೆ ನೋವು, ವಾಂತಿ ಬಂದರೆ ಕೀಟೋನ್ ನೋಡಿ. ಪಂಪ್ ಇದ್ದವರು ಟ್ಯೂಬ್ ಮತ್ತು ಚರ್ಮಕ್ಕೆ ಅಂಟಿಸಿದ ಜಾಗ ಪರೀಕ್ಷಿಸಿ, ಬೆವರಿಗೆ ಕಿತ್ತು ಬಂದಿರುವುದು ಸಾಮಾನ್ಯ. ರೈಡ್ ನಡುವೆ ಅಥವಾ ಮುಗಿದ ಕೂಡಲೇ ಕರೆಕ್ಷನ್ ಡೋಸ್ (ಏರಿದ ಶುಗರ್ ಇಳಿಸಲು ಹಾಕುವ ಇನ್ಸುಲಿನ್) ಬೇಕೇ ಬೇಕು ಅಂದರೆ ಮಾಮೂಲಿನ ಅರ್ಧ ಮೀರಬೇಡಿ.

ಹಂತ 9: ನೀರು, ಬಿಸಿಲು, ಇನ್ಸುಲಿನ್ ಕಾಪಾಡುವುದು

ಗಂಟೆಗೆ 400–800 ಮಿಲಿಲೀಟರ್ ನೀರು, ಬಿಸಿಲು ಮತ್ತು ಬೆವರು ನೋಡಿಕೊಂಡು. ಬರೀ ನೀರನ್ನೇ ಬೇಕಾಬಿಟ್ಟಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ, ಉಪ್ಪು ಇರುವ ಪಾನೀಯ ಅಥವಾ ತಿಂಡಿ ಜೊತೆಗಿರಲಿ. ಶುಗರ್ ಜಾಸ್ತಿ ಇದ್ದಾಗ ಮೂತ್ರದಲ್ಲೂ ನೀರು ಹೋಗುತ್ತದೆ ಅನ್ನುವುದನ್ನು ಮರೆಯಬೇಡಿ.

ಬಳಸುತ್ತಿರುವ ಇನ್ಸುಲಿನ್ ಪೆನ್ ಹೆಚ್ಚಿನವು 30 ಡಿಗ್ರಿಯೊಳಗೆ ಇರಬೇಕು. ಬಿಸಿಲಲ್ಲಿ ಜೆರ್ಸಿಯ ಹಿಂಜೇಬು ಅದಕ್ಕಿಂತ ತುಂಬಾ ಕಾಯುತ್ತದೆ. ಒದ್ದೆ ಮಾಡಿ ಬಳಸುವ ತಂಪು ಚೀಲ ಅಥವಾ ಚಿಕ್ಕ ಥರ್ಮಾಸ್ ಬಳಸಿ. ಐಸ್‌ಗೆ ನೇರ ತಾಗಿಸಬೇಡಿ, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಪ್ರಯೋಜನವಿಲ್ಲ, ಎಸೆಯಬೇಕು.

ಹಂತ 10: ರೈಡ್ ಮುಗಿದ ಮೇಲೆ, ಮುಖ್ಯವಾಗಿ ಆ ರಾತ್ರಿ

ಸೈಕಲ್ ಒಳಗಿಟ್ಟ ಕೂಡಲೇ ಎಲ್ಲ ಮುಗಿಯಿತು ಅನ್ನಿಸುತ್ತದೆ ಅಲ್ವಾ? ಸ್ನಾಯುಗಳು ಮಾತ್ರ ಖಾಲಿಯಾದ ದಾಸ್ತಾನು ತುಂಬಿಕೊಳ್ಳಲು ರಾತ್ರಿಯಿಡೀ ರಕ್ತದಿಂದ ಸಕ್ಕರೆ ಎಳೆಯುತ್ತಲೇ ಇರುತ್ತವೆ. ಇನ್ಸುಲಿನ್ ಕೂಡ ಜಾಸ್ತಿ ಚುರುಕಾಗಿ ಕೆಲಸ ಮಾಡುತ್ತದೆ, ಇದು 24 ಗಂಟೆ, ಕೆಲವರಿಗೆ 48 ಗಂಟೆವರೆಗೂ ಇರುತ್ತದೆ. ನಿದ್ದೆಯಲ್ಲಿ ಆಗುವ ಲೋ ಇದರಿಂದಲೇ ಬರುವುದು, ದಾರಿಯಲ್ಲಿ ಆಗುವುದಕ್ಕಿಂತ ನನಗೆ ಇದರ ಭಯ ಜಾಸ್ತಿ.

ಬಂದ ಒಂದು ಗಂಟೆಯೊಳಗೆ ಊಟ ಮಾಡಿ. ಮೈ ತೂಕದ ಪ್ರತಿ ಕಿಲೋಗೆ ಸುಮಾರು 1 ಗ್ರಾಂ ಕಾರ್ಬ್, ಜೊತೆಗೆ 20–25 ಗ್ರಾಂ ಪ್ರೋಟೀನ್. ಈ ಊಟದ ಬೋಲಸ್ ಅನ್ನು ಅರ್ಧದಷ್ಟಕ್ಕೆ ಇಳಿಸಿ ಶುರು ಮಾಡಿ. ರಾತ್ರಿ ಬೇಸಲ್ ಅನ್ನು 20 ಪರ್ಸೆಂಟ್ ಇಳಿಸುವುದು ಬಹಳ ಜನರಿಗೆ ಬೇಕಾಗುತ್ತದೆ. ಮಲಗುವ ಮುನ್ನ ಶುಗರ್ ನೋಡಿ, 125ಕ್ಕಿಂತ ಕಮ್ಮಿ ಇದ್ದರೆ ಇನ್ಸುಲಿನ್ ಹಾಕದೆ ಏನಾದರೂ ಚೂರು ತಿಂದು ಮಲಗಿ. ಸೆನ್ಸರ್ ಇಲ್ಲದವರು 3 ಗಂಟೆಗೆ ಅಲಾರಂ ಇಟ್ಟು ಒಮ್ಮೆ ನೋಡಿ. ಸೆನ್ಸರ್ ಇರುವವರು ಅದರ ಮೇಲೆ ಮಗ್ಗುಲಾಗಿ ಮಲಗಿದರೆ ಸುಳ್ಳು ಲೋ ತೋರಿಸುತ್ತದೆ, ಅಲಾರಂ ಬಂದಾಗ ಬೆರಳು ಚುಚ್ಚಿ ಖಾತ್ರಿ ಮಾಡಿಕೊಳ್ಳಿ. ಅವತ್ತು ಮದ್ಯ ಬೇಡ. ಲಿವರ್ ಸಕ್ಕರೆ ತಯಾರಿಸುವುದನ್ನು ಅದು ತಡೆಯುತ್ತದೆ, ಅದೂ ದಾಸ್ತಾನು ಖಾಲಿ ಇರುವ ರಾತ್ರಿ.

ಹಂತ 11: ಬರೆದಿಡಿ

ಮೇಲಿನ ಯಾವ ಸಂಖ್ಯೆಯೂ ನಿಮ್ಮದಲ್ಲ, ನಿಮ್ಮದನ್ನು ನೀವೇ ಕಂಡುಕೊಳ್ಳಬೇಕು. ಪ್ರತಿ ರೈಡ್‌ಗೂ ಐದು ವಿಷಯ ಬರೆಯಿರಿ: ಹೊರಡುವಾಗಿನ ಶುಗರ್, ಕೊನೆಯ ಇನ್ಸುಲಿನ್ ಎಷ್ಟು ಮತ್ತು ಎಷ್ಟು ಹೊತ್ತಿಗೆ, ಗಂಟೆಗೆ ತಿಂದ ಕಾರ್ಬ್, ಎಷ್ಟು ಜೋರಾಗಿ ತುಳಿದಿರಿ, ಮರುದಿನ ಬೆಳಗಿನ ಶುಗರ್. ಒಂದು ರೈಡ್‌ಗೆ ಒಂದನ್ನೇ ಬದಲಾಯಿಸಿ. ಬೋಲಸ್ ಇಳಿಸಿ, ತಿಂಡಿಯನ್ನೂ ಬದಲಾಯಿಸಿ, ವೇಗವನ್ನೂ ಏರಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಎರಡು ಗಂಟೆಯ ರೈಡ್‌ನಲ್ಲಿ ಒಂದೇ ಯೋಜನೆ ಎರಡು ಮೂರು ಸಲ ಲೋ ಇಲ್ಲದೆ ನಡೆದ ಮೇಲೆ ಮೂರು ಗಂಟೆಗೆ ಹೋಗಿ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ಆ ಪುಸ್ತಕ ತೆಗೆದುಕೊಂಡು ಹೋಗಿ. ಡೋಸ್ ಬಗ್ಗೆ ಮಾತಾಡಲು ಅವರಿಗೂ ಅದೇ ಬೇಕು.